ಹುಣಸೆಹಣ್ಣಿನಲ್ಲಿ ಬೆಳಗಿದ ಡ್ರಮ್ಮು

ಚಿಕ್ಕತಾಯಮ್ಮನವರೇ, ಆ ಡ್ರಮ್ಮನ್ನು ನೀವು ನನ್ನನ್ನು ಕೇಳಿಯೇ ತೊಳೆದಿದ್ದಿರಿ. ನಾನೇ ತೊಳೆಯಿರಿ ಎಂದಿದ್ದೆ. ಊರಿನವರೆಲ್ಲ ಸೇರಿದ್ದಾಗ, ನಿಮ್ಮ ಮುಖದೆದುರಿಗೇ, ‘ಇವರು ನನ್ನನ್ನ ಕೇಳಲೇ ಇಲ್ಲ’ ಎಂದು ನಾನು ಹೇಳಿದ್ದು ಸುಳ್ಳು. ಹಸಿ ಸುಳ್ಳು.

ಇಷ್ಟು ಬರೆಯುವುದಕ್ಕೆ ನನಗೆ ಐದು ವರ್ಷ ಬೇಕಾಯಿತು. ಇದರ ಕೆಳಗೆ ಇನ್ನೊಂದಿದೆ — ಇದಕ್ಕಿಂತ ದೊಡ್ಡದು. ಅದನ್ನೇ ಮೊದಲು ಬರೆದುಬಿಡೋಣವೆಂದು ಕೂತೆ, ಕೈ ಓಡಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತ ಹೋದರೆ ಅದು ತಾನಾಗಿ ಬಂದೀತು ಎಂದುಕೊಂಡಿದ್ದೇನೆ. ನಡುವೆ ಎಲ್ಲಾದರೂ ನಾನು ಜಾರಿಕೊಳ್ಳುತ್ತಿದ್ದೇನೆ ಅನಿಸಿದರೆ ಅಲ್ಲಿಯೇ ನಿಲ್ಲಿಸಿ, ಮತ್ತೊಮ್ಮೆ ಓದಿ. ನೀವು ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ನಿಧಾನವಾಗಿ ಓದುವವರು, ನಿಮ್ಮ ಕಣ್ಣಿಗೆ ಬೀಳದೆ ಇರುವುದಿಲ್ಲ. ಇದರ ಪ್ರತಿಯನ್ನು ನಿಮ್ಮೂರ ಪಂಚಾಯಿತಿಗೂ ನನ್ನ ಸಂಶೋಧನೆಯ ಮೇಷ್ಟ್ರಿಗೂ ಕೊಡುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಅವರಿಗಾಗಿ ಬರೆಯಬೇಕಾಗಿದೆ.

ನಾನು ಆಗ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮನೆ ನಂಜನಗೂಡಿನಲ್ಲಿ, ಕಪಿಲೆಯ ನೀರು ಕುಡಿದು ಬೆಳೆದವಳು. ಆ ಹೊಳೆ ನಂಜನಗೂಡು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಮುಂಚೆ ಸಿಗುವ ಊರುಗಳಲ್ಲಿ ನಿಮ್ಮದೂ ಒಂದು. ದಂಡೆಯ ಬೋರ್‌ವೆಲ್ಲಿನ ನೀರಿನಲ್ಲಿ ಸೀಸ ಇತ್ತು. ಬಹಳವಲ್ಲ, ಆದರೆ ಇರಬೇಕಾದದ್ದಕ್ಕಿಂತ ಹೆಚ್ಚು. ಅದು ಎಲ್ಲಿಂದ ಬಂತೆಂದು ಹುಡುಕುವುದು ನಮ್ಮ ಕೆಲಸವಾಗಿರಲಿಲ್ಲ. ಇದ್ದದ್ದನ್ನು ತೆಗೆಯುವುದಷ್ಟೇ ನಮ್ಮ ಕೆಲಸ.

ಅದಕ್ಕೆಂದೇ ಮೇಷ್ಟ್ರೂ ನಾನೂ ಸೇರಿ ಕಬ್ಬಿಣದ ಆಕ್ಸೈಡಿನ ನ್ಯಾನೊ ಪುಡಿ ತಯಾರಿಸಿದ್ದೆವು. ನ್ಯಾನೊ ಎಂದರೆ, ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಕಣ ಸಾಲಾಗಿ ಕೂರುವಷ್ಟು ಸಣ್ಣದು. ಕಣ ಸಣ್ಣದಾದಷ್ಟೂ ಎಲ್ಲ ಕಣಗಳ ಮೈ ಸೇರಿ ದೊಡ್ಡದಾಗುತ್ತದೆ. ಒಂದು ಚಮಚ ಪುಡಿಯ ಮೈಯನ್ನೆಲ್ಲ ಹರಡಿದರೆ ನಿಮ್ಮ ಮನೆಯ ಅಂಗಳ ಸಾಲದು. ನೀರು ಹಾಯುವಾಗ ಸೀಸ ಆ ಮೈಗೆ ಅಂಟಿಕೊಳ್ಳುತ್ತದೆ, ಸೀರೆಗೆ ಉತ್ತರಾಣಿ ಮುಳ್ಳು ಅಂಟಿಕೊಂಡ ಹಾಗೆ. ಆ ಪುಡಿಯನ್ನು ಮರಳಿಗೆ ಲೇಪಿಸಿ, ದೊಡ್ಡ ಸ್ಟೀಲ್ ಡ್ರಮ್ಮಿಗೆ ತುಂಬಿ, ಡೈರಿ ಪಕ್ಕದ ಕೋಣೆಯಲ್ಲಿ ಕೂರಿಸಿ, ಕೆಳಗೊಂದು ನಲ್ಲಿ ಇಟ್ಟೆವು. ಹಾಲು ಹಾಕಲು ಬಂದವರು ಹಿಂದಿರುಗುವಾಗ ಅದೇ ಕ್ಯಾನು ತೊಳೆದು ಕುಡಿಯುವ ನೀರು ಹಿಡಿದುಕೊಂಡು ಹೋಗುತ್ತಿದ್ದರು. ಹೆಚ್ಚುಕಡಿಮೆ ಅರ್ಧ ಊರು ಕುಡಿಯುತ್ತಿತ್ತು.

ಸ್ತ್ರೀಶಕ್ತಿ ಸಂಘದವರು ಅದನ್ನು ನೋಡಿಕೊಳ್ಳಲು ನಿಮ್ಮನ್ನು ಆರಿಸಿದರು. ಬೇರೆ ಯಾರನ್ನು ಆರಿಸಬೇಕಿತ್ತು? ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಆಮೇಲೆಯೇ ನೀವು ಆ ಕೋಣೆಯ ಬೀಗ ತೆಗೆಯುತ್ತಿದ್ದದ್ದು. ಚಪ್ಪಲಿ ಹಾಕಿಕೊಂಡು ಒಳಗೆ ಬಂದೆನೆಂದು ನನಗೇ ಒಂದು ದಿನ ಬೈದಿರಿ. ನಿಮ್ಮ ಮನೆಯ ಹಿತ್ತಾಳೆ ಕೊಡಗಳನ್ನು ನೋಡಿ ನಾನು ತಮಾಷೆಗೆ, ಇದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದಿದ್ದೆ. ನಿಮಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಊಟ ಮಾಡಿಸದೆ ಬಿಡಲಿಲ್ಲ.

ಆ ಕೆಂಪು ಪುಡಿ ಡ್ರಮ್ಮಿನ ಬಾಯಿಯ ಸುತ್ತ ತುಕ್ಕಿನ ಹಾಗೆ ಹತ್ತಿಕೊಳ್ಳುತ್ತಿತ್ತು. ಅದರಿಂದ ಏನೂ ತೊಂದರೆಯಿಲ್ಲ. ಆದರೆ ಆ ಸೋಮವಾರ ನಮ್ಮ ಕೆಲಸ ನೋಡಲು ತಜ್ಞರ ಸಮಿತಿ ಬರುವುದಿತ್ತು. ಯೋಜನೆ ಮುಂದುವರಿಯಬೇಕೋ ಬೇಡವೋ, ನನ್ನ ಸಂಶೋಧನೆ ಮುಗಿಯಬೇಕೋ ಬೇಡವೋ ಎಲ್ಲವೂ ಅವರ ಕೈಯಲ್ಲಿತ್ತು. ಹಿಂದಿನ ವಾರ ಬಂದವಳು ನಿಮ್ಮನ್ನು ಗದರಿದೆ. ದೊಡ್ಡವರು ಬರುತ್ತಾರೆ, ಇದೇನಿದು ಕೊಳಕು, ನೋಡಿದರೆ ಯಾರಾದರೂ ಇದರ ನೀರು ಕುಡಿಯುತ್ತಾರಾ ಎಂದೆ. ನನ್ನ ವಯಸ್ಸೆಷ್ಟು, ನಿಮ್ಮ ವಯಸ್ಸೆಷ್ಟು! ನಿಮಗೆ — ನಿಮಗೆ! — ಕೊಳಕು ಎಂಬ ಮಾತು ಹೇಳಿದೆ. ನೀವು ಸೆರಗಿನ ತುದಿಯಿಂದ ಆ ಕಲೆ ಉಜ್ಜಲು ನೋಡಿದಿರಿ, ಅದು ಹೋಗಲಿಲ್ಲ.

ಗುರುವಾರ ನಾನು ಮೈಸೂರಿನ ಬಸ್ಸಿನಲ್ಲಿದ್ದೆ. ತೊಡೆಯ ಮೇಲೆ ಲ್ಯಾಪ್‌ಟಾಪು, ಸಮಿತಿಗೆ ತೋರಿಸಬೇಕಾದ ಚಿತ್ರಗಳು ಇನ್ನೂ ಅರ್ಧ. ಕಡಕೊಳ ದಾಟುವಾಗ ನಿಮ್ಮ ಫೋನು ಬಂತು. ನೀವು ಅಂದದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ.

“ಕೆಂಪು ಅಂಗೇ ಕಚ್ಕೊಂಡದೆ ಕಣವ್ವ. ಉಣಸೇಹಣ್ಣ ಕಿವುಚಿ ಡ್ರಮ್ಮು, ಒಳಗಿನ ಮರಳು ಎರಡ್ನೂವೆ ಒಂದ್ಸಾರಿ ತೊಳ್ದುಬುಡ್ಲಾ?”

“ಹೂಂ, ತೊಳೀರಿ. ಏನ್ ಬೇಕಾದ್ರೂ ಮಾಡ್ಕೊಳ್ಳಿ, ಈಗ ಫೋನ್ ಇಡಿ.”

ಕೇಳಿಸಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಬಸ್ಸಿನ ಸದ್ದು, ಸಿಗ್ನಲ್ ಸರಿಯಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೇಳಿಸಿತ್ತು. ಹುಣಸೆಹಣ್ಣು ಎಂಬ ಮಾತೂ ಕೇಳಿಸಿತ್ತು, ಮರಳು ಎಂಬ ಮಾತೂ ಕೇಳಿಸಿತ್ತು. ಕಿವಿಗೆ ಬಿದ್ದದ್ದು ತಲೆಗೆ ಹೋಗಲು ನಾನು ಬಿಡಲಿಲ್ಲ, ಅಷ್ಟೆ. ಈ ಹೆಂಗಸು ಹೊತ್ತು ಗೊತ್ತು ಇಲ್ಲದೆ ಫೋನ್ ಮಾಡುತ್ತಾಳಲ್ಲ ಎಂದು ರೇಗಿತ್ತು.

ಹುಳಿ ತಾಗಿದರೆ ಆ ಪುಡಿ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪ್ರಯೋಗಾಲಯದಲ್ಲಿ ಹಳೆಯ ಪುಡಿಯನ್ನು ಮತ್ತೆ ಬಳಸಬೇಕಾದಾಗ ನಾವು ಮಾಡುತ್ತಿದ್ದದ್ದೇ ಅದನ್ನು. ಆಮ್ಲದಲ್ಲಿ ತೊಳೆದು, ಸೀಸ ತುಂಬಿದ ಆ ನೀರನ್ನು ಬೇರೆ ಕ್ಯಾನಿನಲ್ಲಿ ಹಿಡಿದು, ವಿಷ ಎಂದು ಚೀಟಿ ಅಂಟಿಸಿ ಇಡುತ್ತಿದ್ದೆವು. ನಿಮ್ಮ ಕೋಣೆಯ ಗೋಡೆಗೆ ‘ಆಸಿಡ್ ಬಳಸಬಾರದು’ ಎಂದು ಬೋರ್ಡು ಬರೆಸಿದ್ದೂ ನಾನೇ. ಆದರೆ ಹುಣಸೆಹಣ್ಣನ್ನು ಆಸಿಡ್ ಎನ್ನುವವರು ನಮ್ಮ ಕಡೆ ಯಾರಿದ್ದಾರೆ? ಸಾರಿಗೆ ಹಾಕುತ್ತೇವೆ, ಬಸುರಿಯ ಬಾಯಿಗೆ ಇಡುತ್ತೇವೆ, ನೆಂಟರು ಬರುತ್ತಾರೆಂದರೆ ಮೊದಲು ಅದನ್ನೇ ನೆನೆಹಾಕಿ ಪಾತ್ರೆ ಬೆಳಗುತ್ತೇವೆ. ನಮ್ಮಮ್ಮನ ಮನೆಯಲ್ಲಿ ಇವತ್ತಿಗೂ ಹಾಗೆಯೇ. ಹುಣಸೆಹಣ್ಣು, ನಿಂಬೆಹಣ್ಣು ಎಂದು ಎರಡು ಮಾತು ಆ ಬೋರ್ಡಿಗೆ ಸೇರಿಸಬೇಕೆಂದು ಆ ಮನೆಯಲ್ಲೇ ಬೆಳೆದ ನನಗೆ ಹೊಳೆಯಲಿಲ್ಲ. ದೊಡ್ಡವರು ಬರುತ್ತಾರೆಂದು ನೀವು ಡ್ರಮ್ಮಿಗೆ ಮರ್ಯಾದೆ ಮಾಡಿದಿರಿ.

ಶನಿವಾರ ಬೆಳಿಗ್ಗೆ, ಸಮಿತಿಯವರು ಬರುವ ಮುಂಚೆ ಒಂದು ಸಲ ನೋಡಿಕೊಂಡು ಹೋಗೋಣವೆಂದು ನಿಮ್ಮೂರಿಗೆ ಬಂದೆ. ನೀವು ಕೋಣೆಯ ಬಾಗಿಲಲ್ಲೇ ಕಾಯುತ್ತ ನಿಂತಿದ್ದಿರಿ. ಡ್ರಮ್ಮು ಥಳಥಳ ಎನ್ನುತ್ತಿತ್ತು. ಒಳಗೆ ಬಗ್ಗಿ ನೋಡಿದರೆ ಇಟ್ಟಿಗೆ ಬಣ್ಣದ ಮರಳು ಬಿಳಿಚಿಕೊಂಡಿತ್ತು. ಹುಳಿ ವಾಸನೆ ಬಂತು. ಎರಡು ಕೊಡ ಹುಣಸೆ ನೀರು ಹುಯ್ದು, ಕೈಯಿಂದ ಮರಳು ಕದಡಿ, ಕೆಂಪು ಹೋಗುವವರೆಗೆ ಜಾಲಾಡಿದೆ ಎಂದು ನೀವು ಹೇಳುತ್ತಿದ್ದಿರಿ. ನಾನು ಹೊಗಳುತ್ತೇನೆಂದು ನನ್ನ ಮುಖ ನೋಡುತ್ತಿದ್ದಿರಿ. ತಿಂಗಳುಗಟ್ಟಲೆ ಅದು ಹಿಡಿದಿಟ್ಟಿದ್ದ ಸೀಸವೆಲ್ಲ ನಲ್ಲಿಯ ಕಡೆಗೆ ಹೊರಟಿದೆ, ಎರಡು ದಿನದಿಂದ ಊರು ಅದನ್ನು ಕುಡಿಯುತ್ತಿದೆ ಎಂದು ನನಗೆ ಅಲ್ಲಿಯೇ, ಆ ನಿಮಿಷದಲ್ಲೇ ಗೊತ್ತಾಯಿತು.

ನಲ್ಲಿ ಮುಚ್ಚಲಿಲ್ಲ.

ಮುಚ್ಚಿದರೆ ಯಾಕೆಂದು ಹೇಳಬೇಕು. ಹೊಸ ಪುಡಿ ಮಾಡಲು ವಾರ ಬೇಕು. ಸೋಮವಾರ ಬರುವವರಿಗೆ ಖಾಲಿ ಡ್ರಮ್ಮು ತೋರಿಸಬೇಕು. ತೊಳೆಯಲು ಹೇಳಿದವಳು ನಾನೇ ಎಂಬುದು ಹೊರಗೆ ಬರುತ್ತದೆ. ಇಷ್ಟೂ ಒಂದು ಉಸಿರಿನಲ್ಲಿ ತಲೆಯಲ್ಲಿ ಓಡಿತು. ಬಾಟಲಿಗೆ ನೀರು ಹಿಡಿದುಕೊಂಡು, ಚೆನ್ನಾಗಿ ಮಾಡಿದ್ದೀರಿ ಎಂದು — ಹೌದು, ಅದನ್ನೂ ಹೇಳಿದೆ — ಹೊರಟೆ. ನೀವು ಬಿಡಲಿಲ್ಲ. ಮನೆಗೆ ಕರೆದುಕೊಂಡು ಹೋದಿರಿ.

ಈಗ ಆ ದೊಡ್ಡದು.

ನಿಮ್ಮ ಮಗಳು ಮಂಗಳ ಹೆರಿಗೆಗೆ ಬಂದಿದ್ದಳು. ಏಳು ತಿಂಗಳ ಬಸುರಿ. ಬಾಗಿಲಿಗೆ ಬಂದವರಿಗೆ ಬೆಲ್ಲ, ನೀರು ಕೊಡುವ ಪದ್ಧತಿ ನಿಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಒಂದು ತಟ್ಟೆಯಲ್ಲಿ ಅಚ್ಚುಬೆಲ್ಲದ ಚೂರು, ಪಕ್ಕದಲ್ಲಿ ಲೋಟದ ತುಂಬ ನೀರು ತಂದು ನನ್ನ ಮುಂದಿಟ್ಟಳು. ಆ ನೀರೇ, ಡ್ರಮ್ಮಿನದೇ. ನಿಮ್ಮ ಮನೆಯಲ್ಲಿ ಬೇರೆ ನೀರು ಇರಲಿಲ್ಲ. ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಲೋಟ ಮುಟ್ಟಲಿಲ್ಲ. ಈಗ ತಾನೇ ಟೀ ಕುಡಿದೆ, ನೀರು ಬೇಡ ಎಂದೆ. ಒಳಗೆ ಹೋಗಲು ತಿರುಗಿದ ಮಂಗಳ, ಇನ್ನೂ ಎಂಜಲಾಗಿಲ್ಲವಲ್ಲ ಎಂದು ನಗುತ್ತ, ಆ ಲೋಟ ಎತ್ತಿ ನನ್ನ ಕಣ್ಣೆದುರಿಗೇ ಗಟಗಟ ಕುಡಿದಳು. ಕುಡಿದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಇವನಿಗೆ ಬಲೇ ದಾಹ ಎಂದಳು. ನೀವಿಬ್ಬರೂ ನಕ್ಕಿರಿ. ಅಯ್ಯೋ, ನಾನೂ ನಕ್ಕೆ.

ಕೈ ಚಾಚಿದರೆ ಲೋಟ ಸಿಗುತ್ತಿತ್ತು. ‘ಬೇಡ’ ಎಂಬ ಒಂದೇ ಮಾತು ಸಾಕಿತ್ತು. ಏನೂ ವಿವರಿಸಬೇಕಾಗಿರಲಿಲ್ಲ, ಲೋಟವನ್ನು ತಟ್ಟಿ ಬೀಳಿಸಿ ಕೈ ತಪ್ಪಿತು ಎಂದಿದ್ದರೂ ನೀವು ಒರೆಸಿ ಸುಮ್ಮನಾಗುತ್ತಿದ್ದಿರಿ. ನನ್ನ ಬಾಯಿಗೆ ಬೇಡವಾದ ನೀರು ಆ ಹುಡುಗಿಯ ಬಾಯಿಗೆ ಹೋಗುವುದನ್ನು ನೋಡುತ್ತ, ಬೆಲ್ಲ ಚೀಪುತ್ತ ಕೂತಿದ್ದೆ. ನಾನು ಎಂಥ ಹೆಣ್ಣು? ಹೊಟ್ಟೆಯಲ್ಲಿರುವ ಮಗುವಿಗೆ ಸೀಸ ಏನು ಮಾಡಬಹುದೆಂದು ನನ್ನದೇ ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದವಳು ನಾನು.

ಭಾನುವಾರ ಪ್ರಯೋಗಾಲಯಕ್ಕೆ ಹೋಗಿ ಒಬ್ಬಳೇ ಆ ನೀರನ್ನು ಪರೀಕ್ಷೆ ಮಾಡಿದೆ. ಯಂತ್ರ ತೋರಿಸಿದ್ದು ಬೋರ್‌ವೆಲ್ಲಿನ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು. ತಪ್ಪಿರಬಹುದೆಂದು ಮತ್ತೆ ಮಾಡಿದೆ. ಮೂರನೆಯ ಸಲ ಮಾಡಿದೆ. ಅದೇ. ಫಲಿತಾಂಶ ಅಚ್ಚಾದ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆಗಲಾದರೂ ನಿಮಗೆ ಒಂದು ಫೋನು ಮಾಡಬಹುದಿತ್ತು — ಮಾಡಲಿಲ್ಲ.

ಸೋಮವಾರ ಸಮಿತಿಯವರು ಬಂದರು. ನೀವು ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಿರಿ. ಡ್ರಮ್ಮು ಎಷ್ಟು ಚೊಕ್ಕಟವಾಗಿದೆ ಎಂದು ಅವರು ಫೋಟೊ ತೆಗೆದುಕೊಂಡರು. ಅವರು ಕುಡಿದದ್ದು ಕಾರಿನಲ್ಲಿ ತಂದಿದ್ದ ಬಾಟಲಿ ನೀರು. ಅವರು ಹೋದ ಮೇಲೆ, ಮಂಗಳವಾರ, ನಾನು ಬಂದು ನಲ್ಲಿ ಮುಚ್ಚಿದೆ. ಗುರುವಾರದಿಂದ ಮಂಗಳವಾರದವರೆಗೆ ನಿಮ್ಮ ಊರು ಆ ನೀರು ಕುಡಿಯಿತು. ಅದರಲ್ಲಿ ಶನಿವಾರದಿಂದ ಈಚಿನದೆಲ್ಲ ನಾನು ಗೊತ್ತಿದ್ದೂ ಕುಡಿಸಿದ್ದು.

ಮೇಷ್ಟ್ರಿಗೆ ನಾನು ಬೇರೆಯೇ ಹೇಳಿದೆ. ಮೇಷ್ಟ್ರೇ, ನೀವೂ ಇದನ್ನು ಓದುತ್ತಿದ್ದೀರಿ — ಪುಡಿ ಕೆಲಸ ನಿಲ್ಲಿಸಿದೆ, ಇನ್ನು ಸೀಸ ಹಿಡಿಯುತ್ತಿಲ್ಲ ಎಂದು ನಿಮಗೆ ಹೇಳಿದ್ದೆ. ಹಿಡಿದದ್ದನ್ನೆಲ್ಲ ಬಿಟ್ಟಿದೆ ಎಂದು ಹೇಳಲಿಲ್ಲ. ಹಾಗಾಗಿ ಊರು ಒಂದೆರಡು ದಿನ ಎಂದಿನ ಬೋರ್‌ವೆಲ್ ನೀರು ಕುಡಿದಿದೆ, ಅಷ್ಟೇ ಎಂದು ನೀವು ತಿಳಿದಿರಿ. ಭಾನುವಾರದ ಕಾಗದವನ್ನು ನಿಮಗೆ ತೋರಿಸಲೇ ಇಲ್ಲ. ತೋರಿಸಿದ್ದರೆ ನೀವು ಅವತ್ತೇ ಊರಿಗೆ ಡಾಕ್ಟರನ್ನು ಕರೆದುಕೊಂಡು ಹೋಗುತ್ತಿದ್ದಿರಿ. ನಿಮ್ಮನ್ನು ಬಲ್ಲೆ.

ಆ ವಾರದ ಕೊನೆಯಲ್ಲಿ ಡೈರಿಯ ಮುಂದೆ ಊರವರು ಸೇರಿದರು. ಇಷ್ಟು ದಿನ ಚೆನ್ನಾಗಿದ್ದದ್ದು ಯಾಕೆ ಕೆಟ್ಟಿತೆಂದು ಕೇಳಿದರು. ಹುಣಸೆಹಣ್ಣಿನಲ್ಲಿ ತೊಳೆದದ್ದರಿಂದ ಎಂದು ನಾನು ಹೇಳಿದೆ. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ಏನೂ ಗಾಬರಿಯಾಗಲಿಲ್ಲ. ನನ್ನನ್ನೇ ಸಾಕ್ಷಿಗೆ ಕರೆದಿರಿ.

“ನಾನು ನನ್ನಿಷ್ಟಕ್ಕೆ ಮಾಡ್ಲಿಲ್ಲ ಕಣ್ರಪ್ಪ. ಈ ಅವ್ವನ್ನ ಕೇಳೇ ಮಾಡಿದ್ದು. ಏಳವ್ವ ನೀನು, ಫೋನಲ್ಲಿ ಕೇಳ್ಲಿಲ್ವಾ?”

ಆಗ ನಾನು ಹೇಳಿದ ಮಾತು ಮೇಲೆ ಬರೆದಿದ್ದೇನೆ. ಅದನ್ನು ಹೇಳಿ ಗೋಡೆಯ ಬೋರ್ಡಿನ ಕಡೆಗೂ ಬೆರಳು ತೋರಿಸಿದೆ. ನೀವು ಕೋಪ ಮಾಡಿಕೊಳ್ಳಲಿಲ್ಲ, ಜಗಳಕ್ಕೆ ಬರಲಿಲ್ಲ. ಇವಳು ಹೀಗೆ ಯಾಕೆ ಹೇಳುತ್ತಿದ್ದಾಳೆ ಎಂಬಂತೆ ನನ್ನನ್ನು ನೋಡಿದಿರಿ. ಗುಂಪಿನಲ್ಲಿ ಯಾರೋ, ಬೆಳಗೋ ಉಚ್ಚು ಇವಳಿಗೆ, ಇರೋದನ್ನೂ ಬೆಳಗಿ ಕೆಡಿಸಿದಳು ಎಂದರು. ಆಮೇಲೆ ‘ಬೆಳಗೋ ಉಚ್ಚು’ ಎಂಬುದೇ ನಿಮಗೆ ಅಡ್ಡಹೆಸರಾಯಿತಂತೆ. ಸಂಘದಿಂದ ತೆಗೆದರು, ಕೋಣೆಯ ಬೀಗದ ಕೈ ಕಿತ್ತುಕೊಂಡರು. ವರ್ಷ ಕಳೆಯುವುದರೊಳಗೆ ನೀವು ಊರು ಬಿಟ್ಟು ಮಗಳ ಗಂಡನ ಊರಾದ ಹೆಮ್ಮಿಗೆಗೆ ಹೋದಿರೆಂದು ಕೇಳಿದೆ. ನಾನು ಆ ಹೊತ್ತಿಗೆ ಪದವಿ ಪಡೆದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಪ್ರಬಂಧದಲ್ಲಿ ನಿಮ್ಮ ಬಗ್ಗೆ ಒಂದು ಸಾಲು ಇದೆ — ಸ್ಥಳೀಯ ನಿರ್ವಾಹಕಿಯ ಅಜ್ಞಾನದಿಂದ ಘಟಕ ನಿಂತಿತು ಎಂದು. ಅಜ್ಞಾನ! ಅದನ್ನು ಬರೆದ ಕೈಗೆ ಏನಾಗಬೇಕೋ ಅದು ಇನ್ನೂ ಆಗಿಲ್ಲ.

ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಮರೆಯಲಿಲ್ಲ, ಆದರೆ ಬದುಕಿಕೊಂಡಿದ್ದೆ. ಕಳೆದ ತಿಂಗಳು ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ನಾನು ಮುಖ ತಿರುಗಿಸಿಕೊಂಡು ಹೋಗಬೇಕೆಂದಿದ್ದೆ. ನೀವೇ ಗುರುತು ಹಿಡಿದು ಕರೆದಿರಿ. ನಿಮ್ಮ ಸೊಂಟದ ಮೇಲೆ ಮೊಮ್ಮಗಳು. ಎತ್ತಿಕೊಳ್ಳುವ ವಯಸ್ಸಲ್ಲ ಅವಳದು, ಇನ್ನು ಸ್ಕೂಲಿಗೆ ಸೇರಬೇಕು. ಹೆಸರು ಗೌರಿ ಎಂದಿರಿ. ನಡೆದದ್ದು ತಡವಾಗಿ, ಮಾತು ‘ಅವ್ವ’, ‘ಬಾ’ ಎಂಬೆರಡೇ ಎಂದಿರಿ. ಪೇಟೆಯ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದಿರಿ. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಬಸುರಿನಲ್ಲಿ ತಾಯಿಗೆ ಏನಾದರೂ ಆಗಿತ್ತಾ, ಏನಾದರೂ ತಿಂದಳಾ, ಕುಡಿದಳಾ ಎಂದು. ಏನೂ ಇಲ್ಲ ಸಾ ಎಂದು ಹೇಳಿ ಹೇಳಿ ಸಾಕಾಯಿತು ಎಂದಿರಿ.

ನಾನು ಮಗುವನ್ನು ನೋಡುತ್ತ ನಿಂತಿದ್ದೆ. ಅದು ನನ್ನ ಬಳೆ ಹಿಡಿದುಕೊಂಡು ಬಿಡಲಿಲ್ಲ. ಅಷ್ಟರಲ್ಲಿ ನಿಮ್ಮ ಬಸ್ಸು ಬಂತು. ಹತ್ತುವ ಮುಂಚೆ ನೀವು ನನ್ನ ಕೈ ಹಿಡಿದುಕೊಂಡಿರಿ.

“ಅವತ್ತು ಊರೋರ ಮುಂದೆ ನಿನ್ನ ಮ್ಯಾಲೆ ಆಕ್ಬುಟ್ಟೆ ಕಣವ್ವ. ಕೇಳ್ದಂಗೇ ನೆಪ್ಪು ನಂಗೆ. ಆದ್ರೆ ನೀನು ಓದ್ದೋಳು, ಯಾಕೆ ಸುಳ್ಳೇಳೀಯೆ? ನಂಗೇ ಎಲ್ಲೋ ಭ್ರಮೆ ಆಗಿರ್ಬೇಕು. ತೆಪ್ಪಾಯ್ತು, ಮನಸಲ್ಲಿ ಇಟ್ಕಬ್ಯಾಡ.”

ಐದು ವರ್ಷ ನೀವು ನನ್ನ ಮೇಲೆ ಸಿಟ್ಟು ಇಟ್ಟುಕೊಂಡಿರುತ್ತೀರಿ, ಶಾಪ ಹಾಕುತ್ತಿರುತ್ತೀರಿ ಎಂದು ತಿಳಿದಿದ್ದೆ. ಅದರಲ್ಲಿ ಏನೋ ಒಂದು ಸಮಾಧಾನವೂ ಇತ್ತು. ನೀವು ನಿಮ್ಮ ನೆನಪನ್ನೇ ನಂಬದೆ ಕೂತಿದ್ದಿರಿ. ನಿಮ್ಮ ಹೆಸರು, ಊರು ಸಾಲದೆಂದು ನಿಮ್ಮ ತಲೆಯಲ್ಲಿದ್ದ ನಿಜವನ್ನೂ ಕಿತ್ತುಕೊಂಡಿದ್ದೆ. ಅಷ್ಟಾದರೂ ನಿಮ್ಮನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟೆ. ಬಸ್ಸು ಹೊರಟಿತು. ನಾನು ಅಲ್ಲಿಯ ಕಟ್ಟೆಯ ಮೇಲೆ ಕೂತು, ಹೋಗಿಬರುವವರ ಎದುರಿಗೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅತ್ತದ್ದರಿಂದ ಗೌರಿಗೆ ಒಂದು ಮಾತು ಹೆಚ್ಚಿಗೆ ಬರಲಿಲ್ಲ.

ಅದು ಆ ನೀರಿನಿಂದಲೇ ಆಯಿತೇ? ನನಗೆ ಗೊತ್ತಿಲ್ಲ. ಯಾವ ಡಾಕ್ಟರಿಗೂ ಹೌದೆಂದು ಹೇಳಲು ಬರುವುದಿಲ್ಲ, ಅಲ್ಲವೆಂದು ಹೇಳಲೂ ಬರುವುದಿಲ್ಲ. ಆಗಲೇ ಮಂಗಳಳ ರಕ್ತ ನೋಡಿದ್ದರೆ, ಹುಟ್ಟಿದಾಗ ಮಗುವಿನ ರಕ್ತ ನೋಡಿದ್ದರೆ ತಿಳಿಯುತ್ತಿತ್ತು. ಏನಾದರೂ ಮಾಡಲೂ ಬರುತ್ತಿತ್ತೇನೋ. ಆ ಹೊತ್ತನ್ನು ನಾನು ಕಳೆದೆ. ಇಷ್ಟು ವರ್ಷದ ಮೇಲೆ ರಕ್ತದಲ್ಲಿ ಏನೂ ಸಿಗದೆ ಹೋಗಬಹುದು. ಊರಿನ ಉಳಿದ ಮಕ್ಕಳ ಲೆಕ್ಕ ಯಾರು ಇಟ್ಟಿದ್ದಾರೆ? ಆ ದಿನಗಳಲ್ಲಿ ಯಾರ ಯಾರ ಮನೆಗೆ ಕ್ಯಾನು ಹೋಯಿತು ಎಂದು ಪಂಚಾಯಿತಿಯವರು ಮನೆಮನೆ ವಿಚಾರಿಸಬೇಕು. ಭಾನುವಾರದ ಕಾಗದದ ನಕಲನ್ನು ಅವರಿಗೆ ಇದರ ಜೊತೆಯಲ್ಲೇ ಕೊಟ್ಟಿದ್ದೇನೆ. ನನ್ನ ಪದವಿ, ಕೆಲಸ ಏನಾಗಬೇಕೆಂದು ಮೇಷ್ಟ್ರೂ ವಿಶ್ವವಿದ್ಯಾನಿಲಯವೂ ನೋಡಿಕೊಳ್ಳಲಿ. ನಾನು ಏನೂ ಬೇಡಿಕೊಳ್ಳುವುದಿಲ್ಲ.

ಶನಿವಾರ ಮೊದಲ ಬಸ್ಸಿಗೆ ಹೆಮ್ಮಿಗೆಗೆ ಬರುತ್ತೇನೆ. ಒಳಗೆ ಕರೆಯಬೇಡಿ, ಬಾಗಿಲಲ್ಲೇ ನಿಲ್ಲುತ್ತೇನೆ. ಮಂಗಳಳಿಗೆ ಇದನ್ನು ನೀವು ಓದಿ ಹೇಳಬೇಡಿ. ಅವಳ ಮುಖ ನೋಡಿ ನಾನೇ ಹೇಳಬೇಕು. ಅವಳು ಏನು ಮಾಡಿದರೂ ಸರಿ. ಅದಾದ ಮೇಲೆ, ನೀವಿಬ್ಬರೂ ಒಪ್ಪಿದರೆ, ಗೌರಿಯನ್ನು ಮೈಸೂರಿನ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಅವರೂ ಅದೇ ಪ್ರಶ್ನೆ ಕೇಳುತ್ತಾರೆ, ಬಸುರಿನಲ್ಲಿ ತಾಯಿ ಏನಾದರೂ ಕುಡಿದಿದ್ದಳಾ ಎಂದು. ನೀವು ಮಗುವನ್ನು ಎತ್ತಿಕೊಂಡು ಸುಮ್ಮನೆ ಕೂತಿರಿ. ಈ ಸಾರಿ ಉತ್ತರ ನಾನು ಹೇಳುತ್ತೇನೆ.